ನೀರು ಇಳಿದ ಮೇಲೆ ಪಂಚನಾಮೆಯಲ್ಲಿ ನಿಮ್ಮ ಹೆಸರು: ಪುಣೆಯ ವಸ್ತಿಗಳ ಕನ್ನಡತಿಯರಿಗೆ ಕೈಪಿಡಿ

ಮುಠಾ ನದಿ ಉಕ್ಕಲಿ, ಆಂಬಿಲ್ ಓಢಾ (ಹಳ್ಳ) ತುಂಬಿ ಬರಲಿ, ಮನೆಯೊಳಗೆ ಸೊಂಟಮಟ್ಟ ನಿಂತ ನೀರು ಹರಿದುಹೋದ ಮೇಲೆ ಸರ್ಕಾರದ ಮಟ್ಟಿಗೆ ಉಳಿಯುವ ಸಾಕ್ಷಿ ಒಂದೇ: ಪಂಚನಾಮೆ, ಅಂದರೆ ಅಧಿಕಾರಿ ಬಂದು ಪಂಚರ (ಸಾಕ್ಷಿಗಳ) ಎದುರು ಬರೆಯುವ ಹಾನಿಯ ದಾಖಲೆ. ಅದರಲ್ಲಿ ಬರೆದದ್ದು ಹಾನಿ, ಬರೆಯದ್ದು ಲೆಕ್ಕಕ್ಕಿಲ್ಲ. ಸಾಮಾನ್ಯವಾಗಿ ಆ ಹಾಳೆಯ ಮೇಲಿರುವುದು ಗಂಡಸಿನ ಹೆಸರು. ಅವನು ಊರಿಗೆ ಹೋಗಿರಲಿ, ಮನೆ ಬಿಟ್ಟು ವರ್ಷಗಳೇ ಆಗಿರಲಿ, ಹೆಸರು ಅವನದೇ. ಮನೆಯಾಕೆ ರೊಟ್ಟಿ ಬಡಿದು ಮಾರುವ ಹಂಚು, ನೆನೆದು ಹುಳಿ ಬಂದ ಎರಡು ಚೀಲ ಜೋಳದ ಹಿಟ್ಟು, ಕಂತಿನಲ್ಲಿ ತಂದ ಹೊಲಿಗೆ ಯಂತ್ರ, ಇವೆಲ್ಲ ‘ಗೃಹೋಪಯೋಗಿ ಸಾಹಿತ್ಯ’ (ಮನೆಬಳಕೆಯ ಸಾಮಾನು) ಎಂಬ ಎರಡೇ ಪದದ ಕೆಳಗೆ ಮುಚ್ಚಿಹೋಗುತ್ತವೆ. ಅವಳ ದುಡಿಮೆ ಹಾಳಾಯಿತು ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ.

ಯಾದಗಿರಿ, ಕಲಬುರಗಿ, ವಿಜಯಪುರ, ರಾಯಚೂರು ಕಡೆಯಿಂದ ಬಂದು ದಾಂಡೇಕರ್ ಪೂಲ್, ತಾಡೀವಾಲಾ ರೋಡ್, ಪಾಟೀಲ್ ಇಸ್ಟೇಟ್, ಯೆರವಡಾ, ಸಿಂಹಗಡ ರಸ್ತೆಯ ಸುತ್ತಮುತ್ತಲಿನ ವಸ್ತಿಗಳಲ್ಲಿ (ಬಡವರ ಬಡಾವಣೆಗಳಲ್ಲಿ) ಬಾಡಿಗೆಗೋ ಸ್ವಂತದ ಪತ್ರಾ (ತಗಡು ಅಥವಾ ಸಿಮೆಂಟ್ ಶೀಟಿನ ಮಾಡಿನ) ಮನೆಯಲ್ಲೋ ಇರುವ ಹೆಣ್ಣುಮಕ್ಕಳಿಗಾಗಿ, ಅವರ ಉಳಿತಾಯ ಗುಂಪುಗಳಾದ ಬಚತ್ ಗಟ್‌ಗಳಿಗಾಗಿ ಇದನ್ನು ಬರೆದಿದ್ದೇವೆ. ಮರಾಠಿ ಮಾತಾಡಲು ಬಂದರೂ ಓದಲು ಬಾರದವರು ನಮ್ಮಲ್ಲಿ ಹೆಚ್ಚು. ಅದಕ್ಕೇ ಕಚೇರಿಯಲ್ಲಿ ಆಡಬೇಕಾದ ಮರಾಠಿ ಮಾತುಗಳನ್ನೂ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇವೆ.

ಇಂಥ ಮಳೆ ಇನ್ನು ಅಪರೂಪದ್ದಲ್ಲ. ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 1950ರಿಂದ 2015ರ ನಡುವೆ ಮಧ್ಯಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು ಮೂರು ಪಟ್ಟಾಗಿವೆ. ಬಿಸಿಯಾಗುತ್ತಿರುವ ಅರಬ್ಬಿ ಸಮುದ್ರದಿಂದ ಮಾರುತ ಹೊತ್ತುತರುವ ತೇವ ಅದಕ್ಕೆ ಕಾರಣ. ಪುಣೆಯಲ್ಲಿ ಅದರ ಮೇಲೆ ನಗರದ್ದೇ ತಪ್ಪುಗಳೂ ಸೇರಿವೆ: ಕಾತ್ರಜ್ ಕಡೆಯ ಗುಡ್ಡಗಳಲ್ಲಿ ನೀರು ಇಂಗುವ ನೆಲ ಕಡಿಮೆಯಾಗಿದೆ, ಓಢಾಗಳನ್ನು ಎರಡೂ ಬದಿಯಿಂದ ಒತ್ತಿ ಕಿರಿದು ಮಾಡಲಾಗಿದೆ, ನದಿಪಾತ್ರಕ್ಕೆ ಕಟ್ಟಡದ ರಾಡಾರೋಡಾ (ಒಡೆದ ಇಟ್ಟಿಗೆ-ಮಣ್ಣಿನ ಕಸ) ಸುರಿಯಲಾಗಿದೆ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಉಕ್ಕಿ ಅರಣ್ಯೇಶ್ವರದ ಟಾಂಗೇವಾಲಾ ಕಾಲೊನಿಯಂಥ ವಸ್ತಿಗಳಲ್ಲಿ ಜನ ಸತ್ತರು. 2024ರ ಜುಲೈ 25ರಂದು ಖಡಕವಾಸ್ಲಾ ಅಣೆಕಟ್ಟಿನಿಂದ ಬಿಟ್ಟ ನೀರು ಏಕತಾನಗರಿಗೆ ನುಗ್ಗಿತು. ಈ ಎರಡೂ ಬೇರೆ ಬೇರೆ ಬಗೆಯ ನೆರೆ. ಓಢಾದ ನೀರು ಹೇಳದೆ ಬಂದು ಕೆಲವೇ ಗಂಟೆಗಳಲ್ಲಿ ಹೋಗುತ್ತದೆ. ಅಣೆಕಟ್ಟಿನ ನೀರು ಎಚ್ಚರಿಕೆ ಕೊಟ್ಟು ಬಂದು, ಕೆಲವೊಮ್ಮೆ ದಿನಗಟ್ಟಲೆ ನಿಲ್ಲುತ್ತದೆ. ಪರಿಹಾರದ ನಿಯಮದಲ್ಲಿ ಈ ವ್ಯತ್ಯಾಸಕ್ಕೆ ಬೆಲೆ ಇದೆ. ಅದನ್ನು ಮುಂದೆ ಹೇಳುತ್ತೇವೆ.

ಮೇ ತಿಂಗಳಲ್ಲೇ ಮುಗಿಸಬೇಕಾದ ಕೆಲಸ

ಮೊದಲು ನಿಮ್ಮ ಹೆಸರಿನಲ್ಲೇ ಇರುವ ಕಾಗದಗಳನ್ನು ಒಂದೆಡೆ ತನ್ನಿ. ಬಹಳ ಹೆಣ್ಣುಮಕ್ಕಳು ‘ನನ್ನ ಹೆಸರಲ್ಲಿ ಏನೂ ಇಲ್ಲ’ ಅನ್ನುತ್ತಾರೆ. ಹುಡುಕಿದರೆ ಇರುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯ 13ನೇ ಕಲಮಿನ ಪ್ರಕಾರ ರೇಷನ್ ಕಾರ್ಡಿನಲ್ಲಿ ಕುಟುಂಬದ ಮುಖ್ಯಸ್ಥೆ ಮನೆಯ ಹಿರಿಯ ಹೆಂಗಸು, ಅವಳಿಗೆ 18 ತುಂಬಿರಬೇಕು ಅಷ್ಟೇ. ಉಜ್ವಲಾ ಯೋಜನೆಯ ಗ್ಯಾಸ್ ಸಂಪರ್ಕ ಸಿಗುವುದು ಹೆಂಗಸಿನ ಹೆಸರಿಗೆ ಮಾತ್ರ. ವಲಸೆ ಬಂದವರು ವಿಳಾಸದ ಪುರಾವೆಯಿಲ್ಲದೆ ಸ್ವಯಂ ಘೋಷಣೆ ಕೊಟ್ಟು ಸಂಪರ್ಕ ಪಡೆಯುವ ಅವಕಾಶ 2021ರಿಂದ ಇದೆ, ಹೀಗಾಗಿ ಆ ಗ್ಯಾಸ್ ಪುಸ್ತಕದಲ್ಲಿ ಪುಣೆಯ ವಿಳಾಸವೇ ಇರುತ್ತದೆ. ಅಂಗನವಾಡಿಯ ತಾಯಿ-ಮಗು ಕಾರ್ಡ್, ಮಗುವಿನ ಲಸಿಕೆ ಚೀಟಿ, ಶಾಲೆಯ ಬೋನಾಫೈಡ್ ಪ್ರಮಾಣಪತ್ರ, ಬಚತ್ ಗಟ್‌ನ ಪಾಸ್‌ಬುಕ್, ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್, ಇವೆಲ್ಲ ನೀವು ಇಲ್ಲೇ ಇದ್ದೀರಿ, ಇಲ್ಲೇ ದುಡಿಯುತ್ತೀರಿ ಎಂಬುದಕ್ಕೆ ಪುರಾವೆ. ಕಸ ಆಯುವ ಹೆಣ್ಣುಮಕ್ಕಳು 1993ರಲ್ಲಿ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಕಟ್ಟಿಕೊಂಡು, ಪಾಲಿಕೆ ಮಾನ್ಯ ಮಾಡಿದ ಗುರುತಿನ ಚೀಟಿ ಗಳಿಸಿದ್ದು ಇದೇ ಪುಣೆಯಲ್ಲಿ. ಆ ಚೀಟಿ ಇದ್ದವರು ಅದನ್ನೂ ಈ ಕಟ್ಟಿಗೆ ಸೇರಿಸಿ.

ಇವುಗಳನ್ನು ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಇನ್ನೊಂದು ಚೀಲದೊಳಗೆ ಇಡಿ. ಕಪಾಟಿನ ಮೇಲಿಟ್ಟರೆ ಸಾಲದು, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿ. ನಡುರಾತ್ರಿ ಕತ್ತಲಲ್ಲಿ ಮಗುವನ್ನೆತ್ತಿಕೊಂಡು ಓಡುವಾಗ ಕೈಗೆ ಸಿಗಬೇಕು. ಎಲ್ಲದರ ಫೋಟೊ ತೆಗೆದು ಪುಣೆಯ ಹೊರಗಿರುವ ಒಬ್ಬ ನೆಂಟರ ಫೋನಿಗೂ ಕಳಿಸಿರಿ. ಲ್ಯಾಮಿನೇಷನ್ ಮಾಡಿಸಬೇಡಿ: ಅಂಚಿನಿಂದ ನೀರು ಒಳಗೆ ಹೋದರೆ ಹಾಳೆ ಒಣಗುವುದಿಲ್ಲ, ಅಕ್ಷರ ಹರಡುತ್ತದೆ.

ಬ್ಯಾಂಕ್ ಖಾತೆಯ ವಿಷಯದಲ್ಲೇ ಹೆಚ್ಚು ಜನ ಸೋಲುವುದು. ಪರಿಹಾರ ಆಧಾರ್ ಮೂಲಕ ಬಂದರೆ ಅದು ನೀವು ಬರೆದುಕೊಟ್ಟ ಖಾತೆಗೇ ಹೋಗುತ್ತದೆ ಎಂದೇನಿಲ್ಲ, ಆಧಾರ್‌ಗೆ ಕೊನೆಯದಾಗಿ ಸೀಡ್ ಆದ (ಜೋಡಿಸಿದ) ಖಾತೆಗೆ ಹೋಗುತ್ತದೆ. ಊರಲ್ಲಿ ಎಂದೋ ತೆರೆದು ಮರೆತ ಖಾತೆ ಅದಾಗಿರಬಹುದು. ಎರಡು ವರ್ಷ ವಹಿವಾಟು ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ, ಹಣ ವಾಪಸಾಗಬಹುದು. ಆಧಾರ್ ಕೇಂದ್ರದಲ್ಲೋ ಬ್ಯಾಂಕಿನಲ್ಲೋ ‘ಆಧಾರ್ ಸೀಡಿಂಗ್ ಯಾವ ಬ್ಯಾಂಕಿಗೆ ಇದೆ’ ಎಂದು ಕೇಳಿ, ನಿಮ್ಮೊಬ್ಬರದೇ ಹೆಸರಿನ, ಪುಣೆಯಲ್ಲಿ ನಡೆಯುತ್ತಿರುವ ಖಾತೆಗೆ ಮಾಡಿಸಿಕೊಳ್ಳಿ.

ಆಮೇಲೆ ಮನೆಯ ಫೋಟೊ. ನಾಲ್ಕೂ ಗೋಡೆ, ಪತ್ರಾ, ನೆಲ, ಬಾಗಿಲ ಮೇಲಿನ ಮನೆ ನಂಬರ್, ಪ್ರತಿ ದೊಡ್ಡ ವಸ್ತು. ಹೊಲಿಗೆ ಯಂತ್ರ, ಮಿಕ್ಸರ್, ಫ್ರಿಜ್ ಇದ್ದರೆ ಕಂಪನಿಯ ಹೆಸರು ಮತ್ತು ಸೀರಿಯಲ್ ನಂಬರ್ ಕಾಣುವಂತೆ ಹತ್ತಿರದಿಂದ ಒಂದು. ರಸೀದಿ ಇದ್ದರೆ ಅದನ್ನೂ. ನೀರು ಬರುವ ಮುಂಚಿನ ಫೋಟೊ ಇಲ್ಲದಿದ್ದರೆ ‘ಇದು ಮೊದಲೇ ಕೆಟ್ಟಿತ್ತು’ ಎಂಬ ಮಾತಿಗೆ ಉತ್ತರ ಇರುವುದಿಲ್ಲ.

ನದಿ ಬದಿಯವರು ಇನ್ನೊಂದು ಲೆಕ್ಕ ಇಡಬೇಕು. ಖಡಕವಾಸ್ಲಾದಿಂದ ಎಷ್ಟು ನೀರು ಬಿಟ್ಟರು ಎಂದು ಜಲಸಂಪನ್ಮೂಲ ಇಲಾಖೆ ಕ್ಯೂಸೆಕ್‌ನಲ್ಲಿ ಹೇಳುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಆ ಅಂಕಿ ಮಾತ್ರದಿಂದ ನಿಮ್ಮ ಓಣಿಗೆ ಏನೂ ತಿಳಿಯದು. ಎಷ್ಟು ಕ್ಯೂಸೆಕ್ ಬಿಟ್ಟ ಎಷ್ಟು ಹೊತ್ತಿಗೆ ಓಣಿಯ ಮೊದಲ ಮನೆಯ ಮೆಟ್ಟಿಲಿಗೆ ನೀರು ಬಂತು ಎಂದು ಪ್ರತಿ ಸಲ ಒಂದು ವಹಿಯಲ್ಲಿ ಬರೆದಿಡಿ. ಎರಡು ಮಳೆಗಾಲ ಕಳೆದರೆ ಯಾವ ಅಂಕಿಗೆ ಎದ್ದು ಹೊರಡಬೇಕು ಎಂಬುದು ನಿಮಗೇ ಗೊತ್ತಾಗುತ್ತದೆ. ಎಚ್ಚರಿಕೆ ತಡವಾಗಿ ಬಂತು ಎಂದು ಮುಂದೆ ದೂರು ಕೊಡುವುದಾದರೆ ಈ ವಹಿಯೇ ಆಧಾರ.

ನೀರು ಒಳಗೆ ಬರುವಾಗ

ಇಲ್ಲಿ ಹೇಳುವುದು ಸ್ವಲ್ಪವೇ. ಮೇನ್ ಸ್ವಿಚ್ ಆಫ್ ಮಾಡಿ, ಅದೂ ಪಾದ ಒಣಗಿರುವಾಗ. ನೆಲದಲ್ಲಿ ನೀರು ಬಂದಾಗಿದ್ದರೆ ಬೋರ್ಡ್ ಮುಟ್ಟದೆ ಹೊರಬಂದು ಮಹಾವಿತರಣಕ್ಕೆ (ವಿದ್ಯುತ್ ಕಂಪನಿಗೆ) 1912 ನಂಬರಿಗೆ ಕರೆ ಮಾಡಿ ಹೇಳಿ. 2024ರ ಜುಲೈ 25ರಂದು ಡೆಕ್ಕನ್ ಬಳಿಯ ಪುಲಾಚಿ ವಾಡಿಯಲ್ಲಿ ನೀರಲ್ಲಿ ಕೈಗಾಡಿ ಸರಿಸಲು ಹೋದ ಮೂವರು ಸತ್ತದ್ದು ವಿದ್ಯುತ್ ಆಘಾತದಿಂದ. ಗ್ಯಾಸ್ ರೆಗ್ಯುಲೇಟರ್ ಬಿಚ್ಚಿ. ಚೀಲ, ಔಷಧಿ, ಮುಟ್ಟಿನ ಪ್ಯಾಡ್, ಒಂದು ಜೊತೆ ಬಟ್ಟೆ ಎತ್ತಿಕೊಳ್ಳಿ. ನೀರು ಒಳಗೆ ಕಾಲಿಟ್ಟ ಗಂಟೆಯನ್ನು ನೆನಪಿಡಿ, ಸಾಧ್ಯವಾದರೆ ಫೋನಿನಲ್ಲಿ ಒಂದು ಫೋಟೊ ತೆಗೆಯಿರಿ. ಆ ಫೋಟೊಕ್ಕೆ ಗಂಟೆ ತಾನಾಗಿ ಅಂಟಿಕೊಳ್ಳುತ್ತದೆ.

ಗುಡಿಸುವ ಮೊದಲು

ನೀರು ಇಳಿದೊಡನೆ ಹೆಣ್ಣುಮಕ್ಕಳ ಕೈ ಹೋಗುವುದು ಕಸಬರಿಗೆಗೆ. ಕೆಸರು, ನಾತ, ಮಕ್ಕಳು ಇರುವ ಮನೆ, ತೊಳೆಯದೆ ಇರಲು ಮನಸ್ಸು ಒಪ್ಪುವುದಿಲ್ಲ. ಆದರೆ ತೊಳೆದ ಮನೆಯಲ್ಲಿ ಹಾನಿ ಕಾಣುವುದಿಲ್ಲ. ಎಷ್ಟೋ ಕುಟುಂಬಗಳ ಪರಿಹಾರ ಕೊಚ್ಚಿಹೋಗುವುದು ಈ ಮೊದಲ ಅರ್ಧ ದಿನದಲ್ಲಿ. ಅರ್ಧ ಗಂಟೆ ತಡೆಯಿರಿ, ಈ ಕೆಲಸಗಳನ್ನು ಮುಗಿಸಿ ಆಮೇಲೆ ತೊಳೆಯಿರಿ.

ಗೋಡೆಯ ಮೇಲೆ ನೀರಿನ ಗೆರೆ ಇರುತ್ತದೆ. ಅದರ ಮೇಲೆ ಎಣ್ಣೆ ಬಣ್ಣದಿಂದ ಅಥವಾ ಪರ್ಮನೆಂಟ್ ಮಾರ್ಕರ್‌ನಿಂದ ಗೆರೆ ಎಳೆದು ತಾರೀಕು ಬರೆಯಿರಿ. ಸೀಮೆಸುಣ್ಣ, ಇದ್ದಿಲು ಒರೆಸಿಹೋಗುತ್ತವೆ. ನೆಲದಿಂದ ಗೆರೆಯವರೆಗೆ ಟೇಪ್ ಹಿಡಿದು ಅಳೆಯಿರಿ, ಟೇಪಿನ ಅಂಕಿ ಓದಲು ಬರುವಂತೆ ಫೋಟೊ ತೆಗೆಯಿರಿ. ಟೇಪ್ ಇಲ್ಲದಿದ್ದರೆ ಹೊಲಿಗೆಯವರ ಟೇಪ್ ಓಣಿಯಲ್ಲಿ ಒಂದಾದರೂ ಸಿಗುತ್ತದೆ. ನೀವು ಗೆರೆಯ ಪಕ್ಕ ನಿಂತಿರುವ ಫೋಟೊ, ಮನೆ ನಂಬರ್ ಕಾಣುವಂತೆ ಬಾಗಿಲ ಫೋಟೊ, ಹಾಳಾದ ಪ್ರತಿ ವಸ್ತುವಿನ ಫೋಟೊ. ಜಿಪಿಎಸ್ ಮ್ಯಾಪ್ ಕ್ಯಾಮೆರಾ ಥರದ ಆ್ಯಪ್ ಇದ್ದರೆ ತಾರೀಕು, ಸ್ಥಳ ಚಿತ್ರದ ಮೇಲೇ ಮೂಡುತ್ತದೆ. ಈ ಫೋಟೊಗಳನ್ನು ವಾಟ್ಸಾಪ್‌ನಲ್ಲಿ ಸಾಮಾನ್ಯ ಫೋಟೊದಂತೆ ಕಳಿಸಿದರೆ ಅದರೊಳಗಿನ ಸಮಯ-ಸ್ಥಳದ ಮಾಹಿತಿ ಅಳಿದುಹೋಗುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿ, ಮೂಲವನ್ನು ಫೋನಿನಿಂದ ಅಳಿಸಬೇಡಿ.

ಪಟ್ಟಿಯನ್ನು ಎರಡು ಭಾಗ ಮಾಡಿ. ಇದು ಈ ಕೈಪಿಡಿಯ ಮುಖ್ಯ ಮಾತು. ಮೊದಲ ಭಾಗ ಮನೆಬಳಕೆಯದು: ಬಟ್ಟೆ, ಪಾತ್ರೆ, ಹಾಸಿಗೆ, ಧಾನ್ಯ, ಪುಸ್ತಕ. ಎರಡನೆಯ ಭಾಗ ನಿಮ್ಮ ದುಡಿಮೆಯದು, ನಿಮ್ಮ ಹೆಸರಿನ ಕೆಳಗೆ: ಹೊಲಿಗೆ ಯಂತ್ರ ಮತ್ತು ಗಿರಾಕಿಗಳ ಬಟ್ಟೆ, ಖಾನಾವಳಿಯ ಡಬ್ಬಿಗಳು, ರೊಟ್ಟಿಯ ಹಂಚು, ಹಿಟ್ಟು, ಎಣ್ಣೆ, ಹೂವಿನ ಅಥವಾ ತರಕಾರಿಯ ಬಂಡವಾಳ, ತಳ್ಳುಗಾಡಿ, ಕಸ ವಿಂಗಡಿಸಿಟ್ಟ ಭಂಗಾರ್ (ಗುಜರಿ) ಚೀಲಗಳು. ಪ್ರತಿಯೊಂದಕ್ಕೂ ಸಂಖ್ಯೆ ಅಥವಾ ತೂಕ, ಕೊಂಡ ವರ್ಷ, ಅಂದಾಜು ಬೆಲೆ. ‘ಹಿಟ್ಟು ಹಾಳಾಯಿತು’ ಎಂದು ಬರೆದರೆ ಸಾಲದು, ‘ಜೋಳದ ಹಿಟ್ಟು 40 ಕೆಜಿ, ಮಾರಾಟದ ರೊಟ್ಟಿಗೆ’ ಎಂದು ಬರೆಯಬೇಕು. ಬೆಲೆಯನ್ನು ಉಬ್ಬಿಸಬೇಡಿ. ಒಂದು ಮನೆಯ ಸುಳ್ಳು ಸಿಕ್ಕಿಬಿದ್ದರೆ ಓಣಿಯ ಎಲ್ಲ ಪಟ್ಟಿಗಳ ಮೇಲೂ ಅನುಮಾನ ಬರುತ್ತದೆ. ಈ ಎರಡನೆಯ ಭಾಗಕ್ಕೆ ಹಣ ಸಿಗದೇ ಹೋಗಬಹುದು, ಸರ್ಕಾರದ ಮಾನದಂಡದಲ್ಲಿ ಮನೆಯಿಂದ ನಡೆಯುವ ಹೆಣ್ಣಿನ ದುಡಿಮೆಗೆ ಜಾಗ ಬಹಳ ಕಡಿಮೆ. ಆದರೂ ಬರೆಸಬೇಕು. ನೂರು ಪಂಚನಾಮೆಗಳಲ್ಲಿ ಹೊಲಿಗೆ ಯಂತ್ರ ಬರೆದಿದ್ದರೆ ಆಗ ಜಿಲ್ಲಾಧಿಕಾರಿಯ ಮುಂದೆ ಕೇಳುವುದಕ್ಕೆ ಒಂದು ಅಂಕಿ ಇರುತ್ತದೆ.

ಕೊಳೆಯುವ ಹಾಸಿಗೆ, ಧಾನ್ಯವನ್ನು ದಿನಗಟ್ಟಲೆ ಇಟ್ಟುಕೊಳ್ಳಲಾಗದು. ಬಾಗಿಲ ಮುಂದೆ ರಾಶಿ ಹಾಕಿ, ಫೋಟೊ ತೆಗೆದು, ಇಬ್ಬರು ನೆರೆಯವರಿಂದ ಪಟ್ಟಿಯ ಮೇಲೆ ಸಹಿ ಹಾಕಿಸಿ ಎಸೆಯಿರಿ. ಯಂತ್ರ, ಫ್ರಿಜ್, ಮಿಕ್ಸರ್ ಎಸೆಯಬೇಡಿ, ಭಂಗಾರ್‌ಗೂ ಹಾಕಬೇಡಿ. ಕೆಸರಿನಲ್ಲಿ ಬರಿಗಾಲಲ್ಲಿ ಓಡಾಡಿದವರು, ಕಾಲಲ್ಲಿ ಗಾಯ ಇದ್ದವರು ಪಾಲಿಕೆ ದವಾಖಾನೆಯಲ್ಲಿ ಇಲಿಜ್ವರದ ಮುನ್ನೆಚ್ಚರಿಕೆ ಮಾತ್ರೆ ಕೇಳಿ. ಬಸುರಿಯರು ಬಸುರಿ ಎಂದು ಹೇಳಿಯೇ ಕೇಳಬೇಕು, ಎಲ್ಲರಿಗೂ ಕೊಡುವ ಡಾಕ್ಸಿಸೈಕ್ಲಿನ್ ಅವರಿಗೆ ಸಲ್ಲದು.

ತಲಾಠಿ ಬಂದಾಗ

ಪಂಚನಾಮೆ ಮಾಡುವುದು ಮಹಸೂಲ್ (ಕಂದಾಯ) ಇಲಾಖೆಯ ತಲಾಠಿ. ಈಗ ಆ ಹುದ್ದೆಗೆ ಗ್ರಾಮ ಮಹಸೂಲ್ ಅಧಿಕಾರಿ ಎಂಬ ಹೆಸರು, ಜನ ಹಳೆಯ ಹೆಸರಲ್ಲೇ ಕರೆಯುತ್ತಾರೆ. ನಗರದಲ್ಲಿ ಪಾಲಿಕೆಯ ಕ್ಷೇತ್ರೀಯ ಕಚೇರಿಯವರೂ ಜೊತೆಗಿರಬಹುದು. ಹಗಲು ಹೊತ್ತು ಬರುತ್ತಾರೆ, ಆ ಹೊತ್ತಿಗೆ ನೀವು ನಾಲ್ಕು ಮನೆಯ ಕೆಲಸಕ್ಕೆ ಹೋಗಿರುತ್ತೀರಿ. ಬೀಗ ಹಾಕಿದ ಮನೆ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಗಟ್‌ನಲ್ಲಿ ಪಾಳಿ ಮಾಡಿಕೊಳ್ಳಿ: ಓಣಿಗೆ ಇಬ್ಬರು ಆ ಮೂರು ನಾಲ್ಕು ದಿನ ಇರಲಿ, ಎಲ್ಲರ ಪಟ್ಟಿಯ ಜೆರಾಕ್ಸ್ ಅವರ ಕೈಯಲ್ಲಿರಲಿ, ಬಂದೊಡನೆ ಫೋನ್ ಹೋಗಲಿ. ಅವರ ಆ ದಿನದ ಕೂಲಿಯನ್ನು ಗಟ್ ತುಂಬಿಕೊಡಬೇಕು, ಇಲ್ಲದಿದ್ದರೆ ಎರಡನೆಯ ದಿನ ಯಾರೂ ಉಳಿಯುವುದಿಲ್ಲ.

ಹೆಸರು ಬರೆಸುವಾಗ ನೇರವಾಗಿ ಹೇಳಿ: ‘ಮೀ ಕುಟುಂಬ್ ಪ್ರಮುಖ್ ಆಹೇ, ಮಾಝಂ ನಾವ್ ಲಿಹಾ’, ಕುಟುಂಬದ ಮುಖ್ಯಸ್ಥೆ ನಾನು, ನನ್ನ ಹೆಸರು ಬರೆಯಿರಿ. ರೇಷನ್ ಕಾರ್ಡ್ ಎದುರಿಗೆ ಹಿಡಿಯಿರಿ. ಗಂಡನೂ ಇರುವ ಮನೆಯಾದರೆ ‘ದೋಘಾಂಚಂ ನಾವ್ ಲಿಹಾ’, ಇಬ್ಬರ ಹೆಸರೂ ಬರೆಯಿರಿ. ಗಂಡ ಬಿಟ್ಟುಹೋದವರು, ವಿಧವೆಯರು ಆತನ ಹೆಸರನ್ನು ಅಭ್ಯಾಸಕ್ಕೆ ಹೇಳಿಬಿಡಬೇಡಿ, ಹಣ ಆ ಹೆಸರಿನ ಖಾತೆಗೆ ಹೋಗಿ ನಿಂತರೆ ಬಿಡಿಸುವುದು ಕಷ್ಟ. ಯಂತ್ರದ ಬಗ್ಗೆ ‘ಶಿಲಾಯೀ ಮಶೀನ್ ವೇಗಳಂ ಲಿಹಾ’ ಎನ್ನಿ, ಹೊಲಿಗೆ ಯಂತ್ರವನ್ನು ಬೇರೆಯಾಗಿ ಬರೆಯಿರಿ ಎಂದು.

ಬಾಡಿಗೆಯವರ ಗೋಳು ಬೇರೆ. ಮಾಲೀಕ ಬಂದು ನಿಂತು ತನ್ನ ಹೆಸರು ಬರೆಸಿ ಹೋಗುತ್ತಾನೆ. ಮನೆಯ ಗೋಡೆ, ಪತ್ರಾ ಅವನದು ಸರಿ, ಒಳಗಿನ ಸಾಮಾನು ನಿಮ್ಮದು. ಎರಡು ಬೇರೆ ನಮೂದು ಆಗಬೇಕು: ‘ಆಮ್ಹೀ ಭಾಡೇಕರೂ ಆಹೋತ್, ಸಾಮಾನ್ ಆಮಚಂ ಆಹೇ’, ನಾವು ಬಾಡಿಗೆಯವರು, ಸಾಮಾನು ನಮ್ಮದು. ಇದಕ್ಕೆ ಬಲವಾದ ಆಧಾರವಿದೆ. 2022ರಿಂದ 2026ರ ಅವಧಿಗೆ ಕೇಂದ್ರ ನಿಗದಿ ಮಾಡಿದ ವಿಪತ್ತು ಪರಿಹಾರ ಮಾನದಂಡದಲ್ಲಿ ಬಟ್ಟೆಗೆ 2,500 ರೂಪಾಯಿ, ಪಾತ್ರೆ-ಮನೆಸಾಮಾನಿಗೆ 2,500 ರೂಪಾಯಿ ಎಂದಿರುವುದು ಕುಟುಂಬಕ್ಕೆ, ಮನೆಮಾಲೀಕನಿಗೆ ಅಲ್ಲ. ಮನೆಯ ಕಟ್ಟಡದ ಪರಿಹಾರಕ್ಕೆ ಅಧಿಕೃತ ನಿರ್ಮಾಣವಾಗಿರಬೇಕು ಎಂಬ ಷರತ್ತಿದೆ, ವಸ್ತಿಯ ಮನೆಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಬಟ್ಟೆ-ಪಾತ್ರೆಯ ನೆರವಿಗೆ ಆ ಷರತ್ತಿಲ್ಲ. ‘ಮನೆ ನೀಲಿ ರೇಖೆಯೊಳಗಿದೆ, ಅನಧಿಕೃತ’ ಎಂದು ಯಾರಾದರೂ ಪೂರ್ತಿ ಪಂಚನಾಮೆಯನ್ನೇ ಬಿಟ್ಟರೆ ಈ ವ್ಯತ್ಯಾಸವನ್ನು ಹೇಳಿ. (25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟ ನೀಲಿ ರೇಖೆ, 100 ವರ್ಷದ್ದು ಕೆಂಪು.) ಹಾಗೆಯೇ ರೇಷನ್ ಕಾರ್ಡ್ ಕಲಬುರಗಿಯದಾಗಿದ್ದರೆ ‘ಹಾನಿ ಆದದ್ದು ಇಲ್ಲಿ, ದಾಖಲೆ ಇಲ್ಲಿ ಮಾಡಿ, ಅರ್ಹತೆಯನ್ನು ಆಮೇಲೆ ನೋಡಿ’ ಎಂದು ಹಟ ಹಿಡಿಯಿರಿ. ಪಂಚನಾಮೆ ಆದ ಮೇಲೆ ಅರ್ಹತೆಗೆ ಹೋರಾಡಬಹುದು, ಪಂಚನಾಮೆಯೇ ಇಲ್ಲದಿದ್ದರೆ ಹೋರಾಡಲು ನೆಲವೇ ಇಲ್ಲ.

ನೀರು ಬಂದ ಗಂಟೆ, ಹೋದ ಗಂಟೆ, ಮಟ್ಟ, ಈ ಮೂರು ಹಾಳೆಯ ಮೇಲೆ ಇರಲೇಬೇಕು. ಕೇಂದ್ರದ ಮಾನದಂಡದಲ್ಲಿ ಬಟ್ಟೆ-ಪಾತ್ರೆಯ ನೆರವು ಸಿಗಲು ಮನೆ ಕೊಚ್ಚಿಹೋಗಿರಬೇಕು, ಪೂರ್ತಿ ಹಾಳಾಗಿರಬೇಕು ಅಥವಾ ಎರಡು ದಿನಕ್ಕಿಂತ ಹೆಚ್ಚು ನೀರು ನಿಂತಿರಬೇಕು. ಓಢಾದ ನೆರೆ ಎರಡು ದಿನ ನಿಲ್ಲುವುದಿಲ್ಲ, ಎರಡು ಗಂಟೆಯಲ್ಲಿ ಎಲ್ಲವನ್ನೂ ಕೆಡಿಸಿ ಹೋಗುತ್ತದೆ. 2021ರ ಜುಲೈ ನೆರೆಯ ನಂತರ ಮಹಾರಾಷ್ಟ್ರ ಸರ್ಕಾರ ಪ್ರತ್ಯೇಕ ಆದೇಶ ಹೊರಡಿಸಿ ಈ ಷರತ್ತನ್ನು ಸಡಿಲಿಸಿ, ಮೊತ್ತವನ್ನೂ ಹೆಚ್ಚಿಸಿತ್ತು. ಆದ್ದರಿಂದ ಪ್ರತಿ ನೆರೆಯ ನಂತರ ‘ಈ ಸಲದ ಶಾಸನ ನಿರ್ಣಯ (ಸರ್ಕಾರಿ ಆದೇಶ) ಏನು’ ಎಂದು ತಹಸೀಲ್ದಾರ್ ಕಚೇರಿಯಲ್ಲಿ ಕೇಳಿ ಅದರ ಪ್ರತಿ ಪಡೆಯಿರಿ. ಓಢಾ ಬದಿಯವರು ನೀರು ನಿಂತ ಗಂಟೆಯ ಜೊತೆಗೆ, ಕೆಸರಿನಿಂದಾಗಿ ಮನೆ ಎಷ್ಟು ದಿನ ವಾಸಕ್ಕೆ ಬಾರದೆ ಹೋಯಿತು ಎಂದೂ ಬರೆಸಿ. ಸಾವು ಸಂಭವಿಸಿದ ಕುಟುಂಬಕ್ಕೆ ಇದೇ ಮಾನದಂಡದಲ್ಲಿ 4 ಲಕ್ಷ ರೂಪಾಯಿ ಇದೆ.

ಸಹಿ ಕೊನೆಗೆ. ಮರಾಠಿ ಓದಲು ಬಾರದಿದ್ದರೆ ‘ಆಧೀ ವಾಚೂನ್ ದಾಖವಾ, ಮಗ್ ಸಹೀ ಕರತೇ’ ಎಂದು ಓದಿಸಿ ಕೇಳಿ. ಶಾಲೆಗೆ ಹೋಗುವ ಮಗಳು ಪಕ್ಕದಲ್ಲಿ ನಿಂತು ಓದಿದರೆ ಇನ್ನೂ ಒಳ್ಳೆಯದು. ಖಾಲಿ ನಮೂನೆಯ ಮೇಲೆ, ಪೆನ್ಸಿಲ್‌ನಲ್ಲಿ ಬರೆದದ್ದರ ಮೇಲೆ ಸಹಿಯಾಗಲಿ ಹೆಬ್ಬೆಟ್ಟಾಗಲಿ ಬೇಡ. ಪಂಚರಾಗಿ ಸಹಿ ಹಾಕುವ ಇಬ್ಬರಲ್ಲಿ ಒಬ್ಬಳಾದರೂ ಓಣಿಯ ಹೆಂಗಸಾಗಿರಲಿ ಎಂದು ಕೇಳಿಕೊಳ್ಳಿ, ಮನೆಯೊಳಗೆ ಏನಿತ್ತು ಎಂಬುದು ಅವಳಿಗೆ ಗೊತ್ತಿರುತ್ತದೆ. ಮುಗಿದ ಹಾಳೆಯ ಫೋಟೊ ತೆಗೆಯಿರಿ.

ಯಾರೂ ಬರಲಿಲ್ಲ ಎಂದಾದರೆ ಕಾಯುತ್ತ ಕೂರಬೇಡಿ. ತಹಸೀಲ್ದಾರ್‌ಗೆ ಅರ್ಜಿ ಬರೆದು, ಪಟ್ಟಿ, ಫೋಟೊ, ಕಾಗದಗಳ ಜೆರಾಕ್ಸ್ ಹಚ್ಚಿ ಕೊಡಿ. ನಿಮ್ಮ ವಸ್ತಿ ಪುಣೆ ಸಿಟಿ ತಾಲೂಕಿಗೆ ಬರುತ್ತದೋ ಹವೇಲಿಗೋ ಎಂದು ಮೇ ತಿಂಗಳಲ್ಲೇ ವಿಚಾರಿಸಿಕೊಂಡಿರಿ, ತಪ್ಪು ಕಚೇರಿಯಲ್ಲಿ ಸಾಲು ನಿಂತು ಎರಡು ದಿನದ ಪಗಾರ ಕಳೆದುಕೊಳ್ಳುವವರು ಬಹಳ. ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ‘ಪೋಚ್ ದ್ಯಾ’ (ಸ್ವೀಕೃತಿ ಕೊಡಿ) ಎಂದು ಕೇಳಿ ತಾರೀಕು, ಆವಕ್ (ಒಳಬಂದ ಪತ್ರದ) ನಂಬರ್, ಶಿಕ್ಕಾ (ಮೊಹರು) ಪಡೆಯಿರಿ. ಪೋಚ್ ಇಲ್ಲದ ಅರ್ಜಿ ಕೊಡದಿದ್ದ ಅರ್ಜಿಗೆ ಸಮ.

ಶಾಲೆಯಲ್ಲಿ ಇರಿಸಿದಾಗ ಕೇಳಬೇಕಾದ್ದು

ನೆರೆ ಬಂದಾಗ ಪಾಲಿಕೆ ಶಾಲೆಗಳಲ್ಲಿ ತಂಗಿಸುತ್ತಾರೆ. ಅಲ್ಲಿ ಸಿಗುವುದು ದಯೆಯಿಂದ ಕೊಟ್ಟದ್ದಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಮಿನಡಿ ಕನಿಷ್ಠ ಮಾನದಂಡಗಳಿವೆ: ಒಬ್ಬರಿಗೆ 3.5 ಚದರ ಮೀಟರ್ ಜಾಗ, ದಿನಕ್ಕೆ 3 ಲೀಟರ್ ಕುಡಿಯುವ ನೀರು, ಬಳಕೆಗೆ 15 ಲೀಟರ್, 30 ಜನಕ್ಕೊಂದು ಶೌಚಾಲಯ, ಹೆಂಗಸರಿಗೆ ಮಕ್ಕಳಿಗೆ ಪ್ರತ್ಯೇಕ ಶೌಚಾಲಯ ಮತ್ತು ಸ್ನಾನದ ಜಾಗ, ಮುಟ್ಟಿನ ಪ್ಯಾಡ್ ಇರುವ ಕಿಟ್. ಸೇರಿದ ಮೊದಲ ಸಂಜೆ, ಕತ್ತಲಾಗುವ ಮುನ್ನ, ಇಬ್ಬರು ಹೋಗಿ ಹೆಂಗಸರ ಶೌಚಾಲಯದ ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ, ದೀಪ ಉರಿಯುತ್ತದೆಯೇ, ದಾರಿಯಲ್ಲಿ ಬೆಳಕಿದೆಯೇ ನೋಡಿ. ಇಲ್ಲದಿದ್ದರೆ ಆಗಲೇ ಬರೆದು ಕೊಡಿ. ಪ್ಯಾಡ್ ಹಂಚುವ ಕೆಲಸವನ್ನು ಹೆಂಗಸರೇ ಮಾಡಬೇಕು, ಗಂಡಸು ಹಂಚಿದರೆ ಹುಡುಗಿಯರು ಕೇಳಲು ಬರುವುದಿಲ್ಲ. ಕಿರುಕುಳವಾದರೆ 181, ಜೀವಕ್ಕೆ ಅಪಾಯವಾದರೆ 112.

ಗೋಡೆಯ ಮೇಲೆ ಗೆರೆ ಬಿಡದ ಹಾನಿ

ಮಾರ್ಚ್‌ನಿಂದ ಮೇವರೆಗೆ ಪತ್ರಾ ಮನೆಯೊಳಗಿನ ಬಿಸಿಗೆ ಯಾವ ಪಂಚನಾಮೆಯೂ ಇಲ್ಲ. ಶಿವಾಜಿನಗರ ವೇಧಶಾಲೆಯ ತಾಪಮಾನ ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಅಳೆದದ್ದು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವವಳ ತಲೆಯ ಮೇಲಿನ ತಗಡಿನದ್ದಲ್ಲ. ಇಲ್ಲೂ ಬರೆದಿಡುವುದೇ ದಾರಿ.

ಮುನ್ನೂರರಿಂದ ಐನೂರು ರೂಪಾಯಿಗೆ ತಾಪ, ತೇವ ಎರಡನ್ನೂ ತೋರಿಸುವ ಡಿಜಿಟಲ್ ಮಾಪಕ ಸಿಗುತ್ತದೆ. ಗಟ್ ನಾಲ್ಕು ಕೊಂಡರೆ ಸಾಕು: ತಗಡಿನ ಮನೆ, ಸಿಮೆಂಟ್ ಪತ್ರಾದ ಮನೆ, ಸ್ಲ್ಯಾಬಿನ ಮನೆ, ಮತ್ತೊಂದು ಹೊರಗೆ ನೆರಳಲ್ಲಿ. ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರಕ್ಕೆ ತೂಗುಹಾಕಿ, ಒಲೆಯಿಂದ, ಬಿಸಿಲು ಬೀಳುವ ಗೋಡೆಯಿಂದ, ಫ್ರಿಜ್‌ನ ಹಿಂಭಾಗದಿಂದ ದೂರ. ಮೊದಲ ದಿನ ನಾಲ್ಕನ್ನೂ ಒಂದೇ ಕಡೆ ಇಟ್ಟು ಹೋಲಿಸಿ. ಅಗ್ಗದ ಮಾಪಕಗಳು ಒಂದು ಡಿಗ್ರಿ ಆಚೀಚೆ ತೋರಿಸುತ್ತವೆ, ಆ ವ್ಯತ್ಯಾಸವನ್ನು ಬರೆದಿಟ್ಟುಕೊಂಡು ಕಳೆಯಿರಿ. ಬೆಳಗ್ಗೆ 6, ಮಧ್ಯಾಹ್ನ 3, ರಾತ್ರಿ 10, ಹತ್ತು ದಿನ ಬಿಡದೆ ಬರೆಯಿರಿ. ರಾತ್ರಿ ಹತ್ತರ ಅಂಕಿ ಬಹಳ ಮುಖ್ಯ: ದೇಹ ತಣಿಯಬೇಕಾದ ಹೊತ್ತಲ್ಲಿ ತಣಿಯದಿದ್ದರೆ ಮರುದಿನದ ಬಿಸಿ ಇನ್ನಷ್ಟು ಹೊಡೆಯುತ್ತದೆ. ಅಂಕಿಯ ಪಕ್ಕ ಆ ದಿನದ ಮಾತು ಬರೆಯಿರಿ: ಕೆಲಸ ತಪ್ಪಿತೇ, ತಲೆಸುತ್ತು ಬಂತೇ, ಸಾರ್ವಜನಿಕ ಶೌಚಾಲಯದಲ್ಲಿ ಎಷ್ಟು ಹೊತ್ತು ಸಾಲು. ಶೌಚಾಲಯಕ್ಕೆ ಹೋಗಲು ಅಂಜಿ ನೀರೇ ಕುಡಿಯದಿರುವುದು, ಅದರಿಂದ ಉರಿಮೂತ್ರ ಬರುವುದು ಹೆಣ್ಣುಮಕ್ಕಳ ಬಿಸಿಲಿನ ಕಾಯಿಲೆಯೇ. ಸ್ವಚ್ಛ ಭಾರತ ಯೋಜನೆಯ ಮಾನದಂಡದಲ್ಲಿ ಸಮುದಾಯ ಶೌಚಾಲಯದಲ್ಲಿ 25 ಹೆಂಗಸರಿಗೆ ಒಂದು ಸೀಟು ಇರಬೇಕು. ನಿಮ್ಮ ವಸ್ತಿಯಲ್ಲಿ ನಡೆಯುವ ಸ್ಥಿತಿಯಲ್ಲಿರುವ ಸೀಟು ಎಷ್ಟು, ಹೆಂಗಸರು ಎಷ್ಟು ಎಂದು ಎಣಿಸಿ ಭಾಗಿಸಿ.

ಈ ವಹಿಯನ್ನು ಒಯ್ಯುವ ಒಂದು ಜಾಗ ಪಾಲಿಕೆಯ ನಾಗರಿಕ ಸಹಭಾಗಿ ಬಜೆಟ್. ಪುಣೆಯಲ್ಲಿ ಇದು 2006ರಿಂದ ಇದೆ, ಕ್ಷೇತ್ರೀಯ ಕಚೇರಿಯಲ್ಲಿ ಅರ್ಜಿ, ಒಂದು ಕಾಮಗಾರಿಗೆ 5 ಲಕ್ಷ ರೂಪಾಯಿ ಮಿತಿ. ‘ಬಿಸಿ ಕಡಿಮೆ ಮಾಡಿ’ ಎಂದು ಬರೆದರೆ ತಿರಸ್ಕಾರ ಖಂಡಿತ. ‘ಶೌಚಾಲಯದಲ್ಲಿ ಹೆಂಗಸರ ಕಡೆ ನಾಲ್ಕು ಸೀಟು ದುರಸ್ತಿ, ನೀರಿನ ಟಾಕಿ, ನಳದ ಬಳಿ ನೆರಳಿನ ಮಾಡು’ ಎಂದು ಜಾಗದ ಹೆಸರಿನೊಂದಿಗೆ ಬರೆಯಿರಿ.

ಪತ್ರಾಕ್ಕೆ ಬಿಳಿ ಬಣ್ಣ ಹಚ್ಚಿದರೆ ಒಳಗಿನ ಬಿಸಿ 2ರಿಂದ 5 ಡಿಗ್ರಿಯವರೆಗೆ ಇಳಿಯುತ್ತದೆ ಎಂಬುದು ಅಹಮದಾಬಾದಿನಂಥ ಕಡೆ ಕಂಡದ್ದು. ಸುಣ್ಣ ಸಿಮೆಂಟ್ ಪತ್ರಾಕ್ಕೆ ಹಿಡಿಯುತ್ತದೆ, ತಗಡಿಗೆ ಹಿಡಿಯದೆ ಸಿಪ್ಪೆಯೇಳುತ್ತದೆ. ತಗಡಿಗೆ ತುಕ್ಕು ಉಜ್ಜಿ, ಪ್ರೈಮರ್ ಹಚ್ಚಿ, ಆಮೇಲೆ ಬಿಸಿಲು ಪ್ರತಿಫಲಿಸುವ ಅಕ್ರಿಲಿಕ್ ಬಣ್ಣ ಎರಡು ಕೈ. ಹತ್ತು-ಹನ್ನೆರಡು ಅಡಿಯ ಮಾಡಿಗೆ ಐದಾರು ಲೀಟರ್ ಹಿಡಿದುಕೊಳ್ಳಿ. ಫೆಬ್ರುವರಿಯಲ್ಲೇ ಮಾಡಿ. ಸಿಮೆಂಟ್ ಪತ್ರಾ ಹಳೆಯದಾಗಿದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರುತ್ತದೆ, ಒಣದಾಗಿ ಉಜ್ಜಬೇಡಿ, ಒದ್ದೆ ಮಾಡಿ ಮೆಲ್ಲಗೆ ತೊಳೆಯಿರಿ. ಅದರ ಮೇಲೆ ನೇರ ಕಾಲಿಡಬೇಡಿ, ಮುರಿದು ಬಿದ್ದು ಸಾಯುವವರಿದ್ದಾರೆ. ಅಡ್ಡಕ್ಕೆ ಹಲಗೆ ಹಾಕಿ.

ಬಿಸಿಲಲ್ಲಿ ದುಡಿಯುವವರು ಅಸಂಬದ್ಧ ಮಾತಾಡತೊಡಗಿದರೆ, ಮೈ ಸುಡುತ್ತಿದ್ದು ಪ್ರಜ್ಞೆ ಮಸುಕಾದರೆ ಅದು ದಣಿವಲ್ಲ. ನೆರಳಿಗೆ ತಂದು ಮೈತುಂಬ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆಯಿರಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಉತ್ತರ ಬಾರದಿದ್ದರೆ

ಪೋಚ್ ಸಿಕ್ಕ ಮೇಲೆ ಒಂದು ತಿಂಗಳು ಸದ್ದಿಲ್ಲವೆಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮಹಾರಾಷ್ಟ್ರದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಬೇಕು, ಬಡತನ ರೇಖೆಯ ಕೆಳಗಿನವರಿಗೆ ಶುಲ್ಕವಿಲ್ಲ. ಕೇಳಬೇಕಾದ್ದು: ನಮ್ಮ ವಸ್ತಿಯಲ್ಲಿ ಇಂಥ ತಾರೀಕಿನ ನೆರೆಗೆ ಆದ ಪಂಚನಾಮೆಗಳ ಪಟ್ಟಿ, ಫಲಾನುಭವಿಯ ಹೆಸರು, ಮಂಜೂರಾದ ಮೊತ್ತ, ತಿರಸ್ಕರಿಸಿದ್ದರೆ ಕಾರಣ. ಉತ್ತರಕ್ಕೆ 30 ದಿನ, ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಪಟ್ಟಿ ಕೈಗೆ ಬಂದೊಡನೆ ಎಷ್ಟು ಹೆಸರು ಹೆಂಗಸರದು ಎಂದು ಎಣಿಸಿ. ಆ ಎಣಿಕೆಯೊಂದಿಗೆ ತಿಂಗಳ ಮೊದಲ ಸೋಮವಾರ ಜಿಲ್ಲಾಧಿಕಾರಿ ಕಚೇರಿಯಲ್ಲಿ ನಡೆಯುವ ಲೋಕಶಾಹಿ ದಿನಕ್ಕೆ ಗುಂಪಾಗಿ ಹೋಗಿ. ಅರ್ಜಿಯನ್ನು 15 ದಿನ ಮುಂಚೆಯೇ ನಿಗದಿತ ನಮೂನೆಯಲ್ಲಿ ಕೊಟ್ಟಿರಬೇಕು.

ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಪ್ರತಿ ಹೆಂಗಸಿಗೂ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗಬೇಕು. ನೆರೆ ಸಂತ್ರಸ್ತರು ಅದೇ ಕಲಮಿನಲ್ಲಿ ಬೇರೆಯಾಗಿಯೂ ಇದ್ದಾರೆ. ಶಿವಾಜಿನಗರ ನ್ಯಾಯಾಲಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಮನೆ ತೆರವಿನ ನೋಟಿಸ್ ಬಂದ ದಿನವೇ ಇಲ್ಲಿಗೆ ಹೋಗಬೇಕು, ಜೆಸಿಬಿ ಬಂದ ದಿನವಲ್ಲ.

ಓಢಾಕ್ಕೆ ರಾಡಾರೋಡಾ ಸುರಿಯುತ್ತಿದ್ದಾರೆ, ನದಿಪಾತ್ರ ಮುಚ್ಚುತ್ತಿದ್ದಾರೆ, ಅದರಿಂದಲೇ ನೀರು ನಿಮ್ಮ ಓಣಿಗೆ ತಿರುಗಿದೆ ಎಂದಾದರೆ ದಾರಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ಅದರ ಪಶ್ಚಿಮ ವಲಯದ ಪೀಠ ಪುಣೆಯಲ್ಲೇ ಇದೆ. ಕೆಲಸ ನಿಲ್ಲಿಸಿ ಎಂದು ಕೇಳುವುದಾದರೆ ಕಾರಣ ಹುಟ್ಟಿದ 6 ತಿಂಗಳೊಳಗೆ ಅರ್ಜಿ ಹಾಕಬೇಕು, ಪರಿಹಾರ ಕೇಳುವುದಕ್ಕೆ 5 ವರ್ಷದ ಗಡುವು. ಎರಡಕ್ಕೂ ಸಾಕಷ್ಟು ಕಾರಣ ತೋರಿಸಿದರೆ ಹೆಚ್ಚುವರಿ 60 ದಿನ. ಪರಿಹಾರ ಕೇಳದ ಅರ್ಜಿಗೆ 1,000 ರೂಪಾಯಿ ಶುಲ್ಕ, ಕೇಳಿದರೆ ಮೊತ್ತದ ಶೇ 1, ಬಡತನ ರೇಖೆಯ ಕೆಳಗಿನವರಿಗೆ ಏನೂ ಇಲ್ಲ. ಲಾರಿ ಸುರಿಯುವ ಫೋಟೊದಲ್ಲಿ ಲಾರಿಯ ನಂಬರ್, ಹಿಂದೆ ಗುರುತು ಸಿಗುವ ಸೇತುವೆ ಅಥವಾ ಕಟ್ಟಡ, ತಾರೀಕು ಇರಲಿ. ಬೇಸಿಗೆಯಲ್ಲಿ ಸುರಿದದ್ದರ ಫೋಟೊವನ್ನು ಬೇಸಿಗೆಯಲ್ಲೇ ತೆಗೆದಿಟ್ಟಿರಬೇಕು, ಮಳೆ ಬಂದ ಮೇಲೆ ರಾಶಿ ನೀರಿನಡಿ ಹೋಗಿರುತ್ತದೆ.